ಚಾಕೊದಲ್ಲಿ ಹೊಂಡ ತೋಡುವಾಗ

ಯಂತ್ರದ ಹಲ್ಲಿಗೆ ಏನೋ ತಾಗಿ ಠಣ್ ಅಂದಿತು.
ಕಲ್ಲಾಗಿರಲಾರದು, ಈ ನೆಲದಲ್ಲಿ ಕಲ್ಲೇ ಹುಟ್ಟುವುದಿಲ್ಲ.
ಇಳಿದು ಕೆದಕಿದೆ:
ಸಿಪಾಯಿಯೊಬ್ಬನ ನೀರಿನ ತಗಡುಬುರುಡೆ,
ಒಂದು ಪಕ್ಕೆ ನುಗ್ಗಾಗಿದೆ, ಬಿರಡೆ ಮಾತ್ರ ಭದ್ರ.
ಅಲುಗಿಸಿದರೆ ಒಳಗೆ ಸುಳುಸುಳು.
ನೀರೆಂದುಕೊಂಡೆ ಒಂದು ಗಳಿಗೆ.
ಮಣ್ಣು, ಮಾರಾಯ.
ತೊಂಬತ್ತು ವರ್ಷ ಕುಡಿದ ಮಣ್ಣು.

ಅಜ್ಜಿ ತಿಯೋಫಿಲಾ
(ಅದು ಪಾದ್ರಿ ಇಟ್ಟ ಹೆಸರು,
ಅದಕ್ಕೆ ಮೊದಲಿನದನ್ನು ಯಾರಿಗೂ ಹೇಳದೆ ಹೋದಳು)
ಆ ಯುದ್ಧಕ್ಕೆ ಹೆಸರು ಕೊಡಲಿಲ್ಲ.
'ನೀರು ಕೇಳಿದ ಕಾಲ' ಅನ್ನುತ್ತಿದ್ದಳು,
ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆಯುತ್ತ.

ಮೊದಲು ಪಡುವಣದಿಂದ ಬಂದರಂತೆ
ಮುಗಿಲೆತ್ತರದ ಊರುಗಳ ಜನ,
ಕೆನ್ನೆಯಲ್ಲಿ ಕೋಕಾ ಎಲೆಯ ಉಂಡೆ,
ತಗ್ಗಿನ ಬಿಸಿಗಾಳಿಯಲ್ಲಿ ಉಸಿರಾಡಲೂ ಬಾರದವರು.
ಬೊಗಸೆ ಮಾಡಿ ಬಾಯಿಗೆ ಹಿಡಿದು ತೋರಿಸಿದರು.
ಆಮೇಲೆ ಮೂಡಣದಿಂದ ಬಂದರು
ಬರಿಗಾಲವರು, ಗ್ವಾರನಿ ಮಾತಿನವರು.
ಅವರೂ ಬೊಗಸೆ, ಅವರೂ ಬಾಯಿ.
ನಮ್ಮ ನಿವಾಕ್ಲೆ ಭಾಷೆಯಲ್ಲಿ
ಎರಡು ದೇಶಗಳೂ ಕಲಿತದ್ದು ಒಂದೇ ಪದ.

ಅಜ್ಜಿಯ ಅಪ್ಪನಿಗೆ ಮಡುಗಳ ದಾರಿ ಗೊತ್ತಿತ್ತು.
ಗೊತ್ತಿದ್ದದ್ದೇ ತಪ್ಪಾಯಿತು.
ತೋರಿಸಿದರೆ ಆ ಕಡೆಯವರಿಗೆ ಬೇಹುಗಾರ,
ತೋರಿಸದಿದ್ದರೆ ಈ ಕಡೆಯವರಿಗೆ.
ಕರೆದುಕೊಂಡು ಹೋದರು. ಗುಂಡಿನ ಸದ್ದು ಒಂದೇ ಒಂದು.
ಯಾವ ಸೈನ್ಯ ಅಜ್ಜಿ? ಅಂತ ಕೇಳಿದ್ದೆ,
ಶಾಲೆಯ ನಕಾಶೆಯಲ್ಲಿ ಎರಡು ಬಣ್ಣ ನೋಡಿ ಬಂದವನು.
'ಬಾಯಾರಿದ ಸೈನ್ಯ' ಅಂದಳು.

ಎವರಿಸ್ತೊ ಮೇಷ್ಟರು ಹೇಳಿದ್ದು ಬೇರೆ:
ಜಗಳ ಮೊದಲು ಅಂಚೆಚೀಟಿಯ ಮೇಲೆ ನಡೆಯಿತಂತೆ.
ಇವರೂ ಚಾಕೊ ನಮ್ಮದೆಂದು ಅಚ್ಚು ಹಾಕಿದರು,
ಅವರೂ ಅಚ್ಚು ಹಾಕಿದರು.
ಹಿಂಬದಿಗೆ ನಾಲಿಗೆ ತಾಗಿಸಿ
ಲಕೋಟೆಗೆ ಅಂಟಿಸುವಷ್ಟು ನೆಲ.
ನೆಲದಡಿ ಎಣ್ಣೆ ಇದೆಯೆಂದು ಯಾರೋ ಕಿವಿಯೂದಿದರು.
ಮೂರು ವರ್ಷ.
ಕೊನೆಕೊನೆಗೆ ಒಂದು ಅಂಚೆಚೀಟಿ ಅಂಟಿಸುವಷ್ಟೂ
ಎಂಜಲಿರಲಿಲ್ಲ ಹುಡುಗರ ಬಾಯಲ್ಲಿ.

ಬೇಲಿಯಾಚೆ ಇನ್ನೂ ಇದೆ ಆ ಡೊಳ್ಳುಹೊಟ್ಟೆಯ ಮರ.
ಹೊಟ್ಟೆ ಕೊರೆದು ಒಳಗೆ ಕೂತಿದ್ದನಂತೆ ಬಂದೂಕಿನವನೊಬ್ಬ,
ಮೀಸೆ ಮೂಡದ ಹುಡುಗ.
ಅಜ್ಜಿಗೆ ಆಗ ಒಂಬತ್ತೋ ಹತ್ತೋ.
ಗೆಡ್ಡೆ ಅಗೆದಳು, ತುರಿದಳು, ಹಿಂಡಿದಳು,
ಮುಷ್ಟಿಯ ಸಂದಿನಿಂದ ಕಹಿನೀರು ತೊಟ್ಟಿಕ್ಕಿಸಿದಳು
ಗುಂಡು ಹಾರಿಸುವ ತೂತಿನೊಳಗೆ.
ಒಳಗಿನಿಂದ ಬೆರಳೊಂದು ಹೊರಬಂದು
ತೊಗಟೆಗಂಟಿದ ಹನಿಯನ್ನೂ ಒರೆಸಿಕೊಂಡು ಹೋಯಿತು.
ಮೂರನೆಯ ದಿನ ತೂತಿನ ತುಂಬ ನೊಣ.
'ಇನ್ನೊಂದು ಗೆಡ್ಡೆ ಇತ್ತು ನನ್ನ ಹತ್ತಿರ'
ಅಂದಳು, ಸಾಯುವ ವರ್ಷ, ಒಂದೇ ಸಲ.
ನಾರು ಹೊಸೆಯುವುದು ನಿಲ್ಲಿಸಲಿಲ್ಲ.

ಈ ಬುರುಡೆ ಅವನದೇ ಅಂತ ನಾನು ಹೇಳುತ್ತಿಲ್ಲ.
ಇಂಥವು ಚೀಲಗಟ್ಟಲೆ ಸಿಕ್ಕಿವೆ.
ಮೇಸ್ತ್ರಿ ತೊಳೆದು, ಉಜ್ಜಿ, ಎಣ್ಣೆ ಹಚ್ಚಿ
ಪ್ರವಾಸಿಗಳಿಗೆ ಮಾರುತ್ತಾನೆ,
ಗುಂಡು ತೂರಿದ್ದಕ್ಕೆ ಎರಡು ಪಟ್ಟು ಬೆಲೆ.

ಸಾಹುಕಾರರ ಎರಡು ಸಾವಿರ ದನಕ್ಕೆ ಇಲ್ಲಿ ಹೊಂಡ ಬೇಕು.
ಅವೂ ಬರುತ್ತವೆ ಸಾಲಾಗಿ,
ಅವೂ ಯಾರ ನೆಲವೆಂದು ಕೇಳದೆ
ಮೂತಿ ಇಳಿಸುತ್ತವೆ.

ಬಿರಡೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯೋಣವೆಂದರೆ
ಕಲ್ಲೆಲ್ಲಿದೆ ಇಲ್ಲಿ.
ಪಾನಾ ಹಾಕಿ ತಿರುವಿದೆ. ಮಣ್ಣು ಸುರಿದೆ.
ಬಾಯಿ ಮೇಲೆ ಮಾಡಿ ಏರಿಯ ಮೇಲಿಟ್ಟೆ,
ಮಳೆ ಬಂದರೆ ಬರಲಿ.

ಮೇಸ್ತ್ರಿ ಅತ್ತಲಿಂದ ಕೂಗಿದ.
ಮತ್ತೆ ಹತ್ತಿ ಸನ್ನೆಗೋಲು ಎಳೆದೆ.
ಇನ್ನು ಎರಡು ಮೀಟರ್ ತೋಡಬೇಕು.
ಅದಕ್ಕಿಂತ ಕೆಳಗೆ ಹೋಗಬಾರದು,
ಉಪ್ಪುನೀರು ಬರುತ್ತದೆ.